ವೈಫೈ ಇರುವ ಇನ್‌ಫ್ಯೂಷನ್ ಪಂಪ್: ವಾರ್ಡಿಗೆ ಬಿಡುವ ಮುಂಚೆ ಏನೇನು ಟೆಸ್ಟ್ ಮಾಡಬೇಕು?

ಬಯೋಮೆಡ್_ಹುಬ್ಬಳ್ಳಿ:
ರೋಗಿಯ ರಕ್ತನಾಳಕ್ಕೆ ಔಷಧವನ್ನು ಹೊಂದಿಸಿದ ವೇಗದಲ್ಲಿ ಹರಿಸುವ ಈ ಹೊಸ ಪಂಪ್‌ಗಳು ನರ್ಸಿಂಗ್ ಸ್ಟೇಷನ್ನಿಗೆ ವೈಫೈ ಮೂಲಕ ಡೇಟಾ ಕಳಿಸುತ್ತವೆ. ನಮ್ಮಲ್ಲಿ ವಿದ್ಯುತ್ ಸೋರಿಕೆ (ಲೀಕೇಜ್) ಅಳೆಯುವ ಸೇಫ್ಟಿ ಅನಲೈಸರ್ ಇದೆ, ಒಳ್ಳೆಯ ತಕ್ಕಡಿ ಇದೆ, ಹರಿವು ಅಳೆಯುವ ಫ್ಲೋ ಅನಲೈಸರ್ ಇಲ್ಲ. ಲೀಕೇಜ್ ನೋಡಿ ಸಹಿ ಹಾಕಿದರೆ ಸಾಕಾ? ನೆಟ್‌ವರ್ಕನ್ನು ಪರೀಕ್ಷಿಸುವುದು ಹೇಗೆ?

ಮೈಕ್ರೋಆಂಪ್:
ಸಾಲದು. ಸಿಎಫ್ (ವಿದ್ಯುತ್ ಸುರಕ್ಷತೆಯ ಅತಿ ಬಿಗಿಯಾದ ದರ್ಜೆ) ಪಂಪಿಗೆ ವೈದ್ಯಕೀಯ ಸಾಧನಗಳ ಸುರಕ್ಷತಾ ಮಾನದಂಡ ಐಇಸಿ 60601-1ರಲ್ಲಿ ಪೇಷೆಂಟ್ ಲೀಕೇಜ್, ಅಂದರೆ ರೋಗಿಯ ಮೂಲಕ ಹರಿಯುವ ಸೋರಿಕೆಯ, ಮಿತಿ 10 ಮೈಕ್ರೋಆಂಪ್, ಒಂದು ದೋಷ ಇಟ್ಟಾಗ 50. ಅನಲೈಸರ್ ಐಇಸಿ 62353ಕ್ಕೆ (ಬಳಕೆಯಲ್ಲಿರುವ ಸಾಧನಗಳ ನಿಯತ ಪರೀಕ್ಷೆಯ ಮಾನದಂಡ) ಸೆಟ್ ಆಗಿದ್ದರೆ ಮಿತಿಗಳೇ ಬೇರೆ, ಬೆರೆಸಬೇಡಿ. ಈಥರ್ನೆಟ್ ಪೋರ್ಟ್ ಇದ್ದರೆ ಕೇಬಲ್ ಸಿಕ್ಕಿಸಿಯೂ ಒಮ್ಮೆ ಅಳೆಯಿರಿ.

ಫ್ಲೋಗೆ ತಕ್ಕಡಿಯೇ ಸಾಕು. ಗಂಟೆಗೆ 5 ಮಿಲಿ ಇಟ್ಟು, ಹರಿವು ನೆಲೆಗೊಂಡ ಮೇಲೆ ಒಂದು ಗಂಟೆ ತೂಗಿ. ಪಂಪಿನ ನಿಖರತೆ ±5% ಎಂದರೆ 4.75ರಿಂದ 5.25 ಗ್ರಾಂ. ಸೂಜಿತುದಿ ನೀರಿನೊಳಗೆ ಮುಳುಗಿರಲಿ, ಬೀಕರಿಗೆ ತಾಗದಿರಲಿ, ನೀರಿನ ಮೇಲೆ ತೆಳುವಾಗಿ ಎಣ್ಣೆ ಹಾಕಿ. ಇಲ್ಲವಾದರೆ ಆವಿಯಾದ ನೀರು ಪಂಪಿನ ತಪ್ಪಾಗಿ ಕಾಣುತ್ತದೆ. ಬೇರೆ ಕಂಪನಿಯ ಐವಿ ಸೆಟ್ ಹಾಕಿದರೂ ಲೆಕ್ಕ ತಪ್ಪುತ್ತದೆ. ಲೈನ್ ಕ್ಲಾಂಪ್ ಮಾಡಿ ಅಕ್ಲೂಷನ್ (ಲೈನ್ ಕಟ್ಟಿಕೊಂಡಿದೆ ಎಂಬ) ಅಲಾರಂ ಬರಿಸಿ. ಗಂಟೆಗೆ 1 ಮಿಲಿಯಲ್ಲಿ ಅದು ತುಂಬಾ ತಡವಾಗಿ ಬರುತ್ತದೆ, ಕಾಯಿರಿ. ಕ್ಲಾಂಪ್ ಬಿಟ್ಟಾಗ ಒಮ್ಮೆಲೇ ನುಗ್ಗುವ ದ್ರವವನ್ನೂ (ಬೋಲಸ್) ತೂಗಿ.

ಪ್ಯಾಕೆಟ್‌ಲಾಸ್:
ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಆಫ್ ಮಾಡಿ ನೋಡುವುದು ಸುಲಭದ ಪರೀಕ್ಷೆ. ಅಪಾಯ ಇರುವುದು ಅರೆಜೀವದ ನೆಟ್‌ವರ್ಕಿನಲ್ಲಿ: ಸಿಗ್ನಲ್ ಇದೆ, ಸರ್ವರ್ ಸಿಗುತ್ತಿಲ್ಲ. ಪಂಪಿನಲ್ಲಿ ವೈಫೈ ಗುರುತು ಹಾಗೇ ಇರುತ್ತದೆ, ಸ್ಟೇಷನ್ ಪರದೆ ಹಳೆಯ ರೇಟನ್ನೇ ತೋರಿಸುತ್ತಿರಬಹುದು.

ಆಕ್ಸೆಸ್ ಪಾಯಿಂಟಿಗೂ ಸರ್ವರಿಗೂ ನಡುವೆ ಎರಡು ನೆಟ್‌ವರ್ಕ್ ಕಾರ್ಡಿನ ಲಿನಕ್ಸ್ ಪಿಸಿಯನ್ನು ಬ್ರಿಡ್ಜ್ ಮಾಡಿ. ನೆಟ್‌ವರ್ಕನ್ನು ಬೇಕೆಂದೇ ಹದಗೆಡಿಸುವ ಲಿನಕ್ಸ್ ಸಾಧನ ನೆಟ್‌ಎಮ್‌ನಿಂದ 500 ಮಿಲಿಸೆಕೆಂಡ್ ವಿಳಂಬ, 10% ಪ್ಯಾಕೆಟ್ ನಷ್ಟ ಕೊಡಿ, ಆಮೇಲೆ 100%. ಆಗಲೇ ಅಲಾರಂ ಬರಿಸಿ. ಪಂಪಿನ ಬಜರ್ ಕೂಗಲೇಬೇಕು, ಇನ್‌ಫ್ಯೂಷನ್ ನೆಟ್‌ವರ್ಕಿಗಾಗಿ ಕಾಯಬಾರದು, ಸ್ಟೇಷನ್ನಿನಲ್ಲಿ ಸಂಪರ್ಕ ಹೋಗಿದೆ ಎಂದು ಬರಬೇಕು. ಸಂಪರ್ಕ ಮರಳಿದಾಗ ಲಾಗ್ ನೋಡಿ: ಬಿಟ್ಟುಹೋದದ್ದು ತುಂಬಿದೆಯಾ, ಒಂದೇ ದಾಖಲೆ ಎರಡು ಸಲ ಬಂದಿದೆಯಾ? ಸರ್ವರಿನಿಂದ ಆರ್ಡರ್ ಇಳಿಯುವ ಪಂಪಾದರೆ ಹೀಗೆ ಎರಡು ಸಲ ಬರುವುದು ಬರೀ ಕಿರಿಕಿರಿಯಲ್ಲ, ಡೋಸ್ ತಪ್ಪುವ ದಾರಿ.

ಪೋರ್ಟ್23:
ಗಡಿಯಾರವನ್ನೂ ನೋಡಿ. ಒಳಗಿನ ಚಿಕ್ಕ ಬ್ಯಾಟರಿ ಸತ್ತರೆ ದಿನಾಂಕ ಹಿಂದಕ್ಕೆ ಹೋಗುತ್ತದೆ. ಇಎಪಿ-ಟಿಎಲ್‌ಎಸ್ (ಡಿಜಿಟಲ್ ಸರ್ಟಿಫಿಕೇಟ್ ತೋರಿಸಿ ವೈಫೈಗೆ ಸೇರುವ ವಿಧಾನ) ಇದ್ದರೆ ಸರ್ಟಿಫಿಕೇಟಿನ ಅವಧಿಯೇ ಶುರುವಾಗಿಲ್ಲವೆಂದು ಪಂಪ್ ಲಾಗಿನ್ ಆಗುವುದಿಲ್ಲ. ಲಾಗಿನ್ ಆಗದೆ ಎನ್‌ಟಿಪಿಯಿಂದ (ನೆಟ್‌ವರ್ಕಿನಲ್ಲಿ ಗಡಿಯಾರ ಸರಿಪಡಿಸುವ ಸೇವೆ) ಸಮಯವೂ ಸಿಗುವುದಿಲ್ಲ. ದಿನಾಂಕವನ್ನು ಕೈಯಾರೆ ಹಿಂದಕ್ಕಿಟ್ಟು ಪರೀಕ್ಷಿಸಿ.

ಪೋರ್ಟ್ ಸ್ಕ್ಯಾನ್ ಮಾಡಿ, ಅಂದರೆ ನೆಟ್‌ವರ್ಕಿನಿಂದ ಪಂಪಿನೊಳಗೆ ಹೋಗುವ ಯಾವ ಬಾಗಿಲುಗಳು ತೆರೆದಿವೆ ಎಂದು ನೋಡಿ. ಟೆಲ್ನೆಟ್, ಎಫ್‌ಟಿಪಿಯಂಥ ಗೂಢಲಿಪಿ ಇಲ್ಲದ ಹಳೆಯ ಬಾಗಿಲುಗಳು ತೆರೆದಿದ್ದರೆ ಪಂಪನ್ನು ತೆಗೆದುಕೊಳ್ಳಬೇಡಿ. ಆಸ್ಪತ್ರೆಯ ನೆಟ್‌ವರ್ಕ್ ಮೂಲಕ ಹೊರಗಿನವರು ಡೋಸ್ ಬದಲಿಸಬಹುದೆಂದೇ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಹಾಸ್ಪೈರಾ ಸಿಂಬಿಕ್ ಪಂಪಿನ ಬಳಕೆ ನಿಲ್ಲಿಸಲು ಆಸ್ಪತ್ರೆಗಳಿಗೆ ಹೇಳಿದ್ದು. ರೋಗಿಗೆ ಜೋಡಿಸಿರುವ ಪಂಪಿನ ಮೇಲೆ ಮಾತ್ರ ಸ್ಕ್ಯಾನ್ ಓಡಿಸಬೇಡಿ, ಕೆಲವು ಅಷ್ಟಕ್ಕೇ ಹ್ಯಾಂಗ್ ಆಗುತ್ತವೆ.