ಬಾಡಿಗೆದಾರರ ಸಂಘ ಮೊದಲೋ, ಪಾಲಿಕೆಯ ಚುನಾವಣೆ ಮೊದಲೋ?

ಪ್ರಶ್ನೆ

ಮೂರು ವರ್ಷಗಳಿಂದ ಬಾಡಿಗೆದಾರರ ನಡುವೆ ಕೆಲಸ ಮಾಡುತ್ತಿರುವ ಸಣ್ಣ ಗುಂಪು ನಮ್ಮದು. ಕಾರಣ ಹೇಳದೆ ಮನೆ ಬಿಡಿಸುವುದು ನಿಲ್ಲಬೇಕು, ಬಾಡಿಗೆ ಏರಿಕೆಗೆ ಮಿತಿ ಇರಬೇಕು, ಖಾಲಿ ಬಿದ್ದಿರುವ ಸಾರ್ವಜನಿಕ ಜಮೀನಿನಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಬೇಕು ಎಂಬುವು ನಮ್ಮ ಬೇಡಿಕೆಗಳು. ಪಾಲಿಕೆಯ ಚುನಾವಣೆ ಹತ್ತಿರವಾದಂತೆ ಗುಂಪು ಎರಡು ಬಣವಾಗಿದೆ. ನಮ್ಮವರೊಬ್ಬರನ್ನು ಗೆಲ್ಲಿಸದಿದ್ದರೆ ಇನ್ನೈದು ವರ್ಷ ಮನವಿಪತ್ರ ಹಿಡಿದು ನಿಲ್ಲುವುದೇ ಆಗುತ್ತದೆ ಎಂದು ಒಂದು ಬಣ ಹೇಳುತ್ತದೆ. ಕಟ್ಟಡ ಕಟ್ಟಡಕ್ಕೂ ಸಂಘ ಕಟ್ಟದೆ ಕುರ್ಚಿ ಹಿಡಿದವರು ಆರೇ ತಿಂಗಳಲ್ಲಿ ಕಚೇರಿಯ ಮನುಷ್ಯರಾಗುತ್ತಾರೆ ಎಂದು ಇನ್ನೊಂದು. ಇರುವವರು ಇಪ್ಪತ್ತು ಮಂದಿ, ಎಲ್ಲರೂ ಹಗಲು ದುಡಿಯುವವರು. ಆದ್ದರಿಂದ ಎರಡನ್ನೂ ಮಾಡಿ ಎಂಬ ಉತ್ತರವನ್ನು ದಯವಿಟ್ಟು ಯಾರೂ ಕೊಡಬೇಡಿ.

ಮೊದಲ ಉತ್ತರ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ 1915ರ ಬಾಡಿಗೆ ಮುಷ್ಕರದಲ್ಲಿ ಯಾವುದರ ಹಿಂದೆ ಯಾವುದು ಬಂತು ಎಂಬುದನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಸಿಗುತ್ತದೆ. ಯುದ್ಧದ ಕಾಲದಲ್ಲಿ ಹಡಗುಕಟ್ಟೆಗಳಿಗೂ ಮದ್ದುಗುಂಡಿನ ಕಾರ್ಖಾನೆಗಳಿಗೂ ಕೆಲಸ ಹುಡುಕಿಕೊಂಡು ಜನ ಬಂದು ತುಂಬಿದ್ದೇ ತಡ, ಮಾಲೀಕರು ಬಾಡಿಗೆ ಏರಿಸಿದರು. ಗೋವನ್ ಭಾಗದ ಮೇರಿ ಬಾರ್ಬರ್ ಮತ್ತು ನೆರೆಮನೆಯ ಹೆಂಗಸರು ಏರಿಸಿದ ಬಾಡಿಗೆಯನ್ನು ಕೊಡುವುದಿಲ್ಲವೆಂದು ತೀರ್ಮಾನಿಸಿದರು. ಮನೆ ಖಾಲಿ ಮಾಡಿಸಲು ನ್ಯಾಯಾಲಯದ ಅಮೀನ ಬಂದನೆಂದರೆ ಕಾವಲಿಗಿದ್ದವಳು ಗಂಟೆ ಬಾರಿಸುತ್ತಿದ್ದಳು, ಉಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಮೆಟ್ಟಿಲಿಗೆ ಅಡ್ಡ ನಿಲ್ಲುತ್ತಿದ್ದರು, ಅವನ ಮೇಲೆ ಹಿಟ್ಟಿನ ಪೊಟ್ಟಣಗಳು ಬೀಳುತ್ತಿದ್ದವು. ನವೆಂಬರ್ ಹೊತ್ತಿಗೆ ಸುಮಾರು 20,000 ಕುಟುಂಬಗಳು ಮುಷ್ಕರದಲ್ಲಿದ್ದವು. ಆ ತಿಂಗಳ 17ರಂದು ಕೆಲವು ಬಾಡಿಗೆದಾರರನ್ನು ನ್ಯಾಯಾಲಯಕ್ಕೆ ಎಳೆದಾಗ ಹಡಗುಕಟ್ಟೆಯ ಕಾರ್ಮಿಕರು ಕೆಲಸ ನಿಲ್ಲಿಸಿ ಸಾವಿರಗಟ್ಟಲೆಯಾಗಿ ಬಂದು ಸೇರಿದರು, ಮೊಕದ್ದಮೆ ಬಿದ್ದುಹೋಯಿತು. ವರ್ಷ ಮುಗಿಯುವ ಮೊದಲೇ ಬ್ರಿಟಿಷ್ ಸಂಸತ್ತು ಬಾಡಿಗೆಯನ್ನು 1914ರ ಆಗಸ್ಟ್ ಮಟ್ಟಕ್ಕೆ ಕಟ್ಟಿಹಾಕುವ ಕಾಯ್ದೆ ಮಾಡಿತು. ಆ ಹೆಂಗಸರಿಗೆ ಆಗ ಸಂಸತ್ತಿನ ಚುನಾವಣೆಯಲ್ಲಿ ಮತದ ಹಕ್ಕೂ ಇರಲಿಲ್ಲ. ಬಾರ್ಬರ್ ನಗರಸಭೆಗೆ ಆಯ್ಕೆಯಾದದ್ದು 1920ರಲ್ಲಿ, ಅಂದರೆ ಸಂಘ ಕಟ್ಟಿ ಮುಷ್ಕರ ನಡೆಸಿ ಐದು ವರ್ಷಗಳಾದ ಮೇಲೆ.

ಎರಡನೆಯ ಉತ್ತರ

ಗ್ಲಾಸ್ಗೋ ಉದಾಹರಣೆ ಹುರುಪು ಕೊಡುತ್ತದೆ, ಒಪ್ಪುತ್ತೇನೆ. ಆದರೆ ಯುದ್ಧ ನಡೆಸುತ್ತಿದ್ದ ಸರ್ಕಾರಕ್ಕೆ ಹಡಗುಕಟ್ಟೆ ಒಂದು ದಿನ ನಿಂತರೂ ಸಹಿಸಲು ಸಾಧ್ಯವಿರಲಿಲ್ಲ ಎಂಬುದನ್ನು ಮರೆಯಬಾರದು. ನಿಮ್ಮ ಸದಸ್ಯರ ಕೈಯಲ್ಲಿ ಅಂಥ ಹಿಡಿತ ಇದೆಯೇ?

ಸಂಘ ಮೊದಲೋ ಚುನಾವಣೆ ಮೊದಲೋ ಎಂದು ಕೇಳುವ ಮುಂಚೆ, ನಿಮ್ಮ ಒಂದೊಂದು ಬೇಡಿಕೆಯೂ ಯಾವ ಮಟ್ಟದ ಆಡಳಿತದ ಕೈಯಲ್ಲಿದೆ ಎಂದು ಕೇಳಿಕೊಳ್ಳಿ. ಆಸ್ಟ್ರಿಯಾದ ವಿಯೆನ್ನಾ ನಗರ 1922ರಲ್ಲಿ ಪ್ರತ್ಯೇಕ ಪ್ರಾಂತ್ಯವಾಗಿ ತನ್ನದೇ ತೆರಿಗೆ ಹಾಕುವ ಅಧಿಕಾರ ಪಡೆಯಿತು. ಮರುವರ್ಷವೇ ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೊ ಬ್ರೈಟ್ನರ್ ದೊಡ್ಡ ಮನೆಗೆ ಹೆಚ್ಚು, ಸಣ್ಣ ಮನೆಗೆ ತೀರಾ ಕಡಿಮೆ ಎಂಬ ಲೆಕ್ಕದ ವಸತಿ ತೆರಿಗೆ ತಂದರು, ಆ ನಗರ 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿತು. ಅದು ಗದ್ದುಗೆಯಲ್ಲಿದ್ದವರು ಮಾಡಿದ ಕೆಲಸ, ಮುಷ್ಕರದಿಂದ ಆದದ್ದಲ್ಲ. ಇದಕ್ಕೆ ಎದುರಾಗಿ ಬರ್ಲಿನ್ ನೋಡಿ. ಅಲ್ಲಿನ ನಗರ-ರಾಜ್ಯದ ಸರ್ಕಾರ 2020ರಲ್ಲಿ ಬಾಡಿಗೆಗೆ ಮಿತಿ ಹಾಕಿತು. ಆ ವಿಷಯದಲ್ಲಿ ಶಾಸನ ಮಾಡುವ ಅಧಿಕಾರವೇ ನಿಮಗಿಲ್ಲವೆಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2021ರ ಏಪ್ರಿಲ್‌ನಲ್ಲಿ ಅದನ್ನು ತಳ್ಳಿಹಾಕಿತು. ಅದೇ ಸೆಪ್ಟೆಂಬರ್‌ನಲ್ಲಿ, 3,000ಕ್ಕಿಂತ ಹೆಚ್ಚು ಮನೆಗಳಿರುವ ಕಂಪನಿಗಳ ಮನೆಗಳನ್ನು ಸಾರ್ವಜನಿಕ ಒಡೆತನಕ್ಕೆ ತರಬೇಕೆಂಬ ಜನಮತಗಣನೆ ಶೇಕಡ 59ರಷ್ಟು ಮತಗಳಿಂದ ಗೆದ್ದಿತು. ಅದು ಗೆದ್ದರೂ ಕಂಪನಿಗಳ ಮನೆಗಳು ಕೈಬದಲಾಗಲಿಲ್ಲ, ಏಕೆಂದರೆ ಮತ ಬಿದ್ದದ್ದು ಸರ್ಕಾರಕ್ಕೆ ನಿರ್ದೇಶನ ಕೊಡುವ ನಿರ್ಣಯಕ್ಕೆ, ನೇರವಾಗಿ ಜಾರಿಗೆ ಬರುವ ಕಾಯ್ದೆಗಲ್ಲ.

ಮೂರನೆಯ ಉತ್ತರ

ಇಬ್ಬರೂ ದೊಡ್ಡ ನಗರಗಳ ಇತಿಹಾಸ ಹೇಳಿದ್ದಾರೆ. ನನ್ನ ಅನುಭವ ಒಂದೇ ಕಟ್ಟಡದ್ದು. ಒಂದು ಸಂಜೆ ಹನ್ನೊಂದು ಮಂದಿ ಮೆಟ್ಟಿಲ ಮೇಲೆಯೇ ಕುಳಿತೆವು, ಏಕೆಂದರೆ ಯಾರ ಮನೆಯಲ್ಲೂ ಅಷ್ಟು ಜನರಿಗೆ ಜಾಗವಿರಲಿಲ್ಲ. ಒಬ್ಬ ವೃದ್ಧೆ ಬಿಸ್ಕತ್ತಿನ ಡಬ್ಬದಲ್ಲಿ ವರ್ಷಗಳ ಬಾಡಿಗೆ ರಸೀದಿಗಳನ್ನು ತಂದಿದ್ದರು. ಅವುಗಳನ್ನು ನೋಡಿ ಉಳಿದವರೂ ಒಳಗೆ ಹೋಗಿ ತಮ್ಮ ತಮ್ಮ ರಸೀದಿ ತಂದರು. ಪಕ್ಕಪಕ್ಕ ಇಟ್ಟಾಗ, ಒಂದೇ ಅಳತೆಯ ಮನೆಗಳಿಗೆ ಮಾಲೀಕರು ಬೇರೆ ಬೇರೆ ಏರಿಕೆ ಹೇಳಿದ್ದದ್ದೂ, ಪ್ರತಿಯೊಬ್ಬರಿಗೂ “ಉಳಿದವರೆಲ್ಲ ಒಪ್ಪಿದ್ದಾರೆ” ಎಂದಿದ್ದದ್ದೂ ಬಯಲಾಯಿತು. ಅಲ್ಲಿಯವರೆಗೆ ನಾನು ಹಂಚಿದ ಕರಪತ್ರಗಳಿಂದ ಆಗದ ಕೆಲಸ ಆ ಡಬ್ಬದಿಂದ ಆಯಿತು.

ಅಭ್ಯರ್ಥಿಯನ್ನು ನಿಲ್ಲಿಸುವ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಅಭ್ಯರ್ಥಿಯ ಹಿಂದೆ ಓಡಾಡುವ ಇಪ್ಪತ್ತು ಮಂದಿಯಲ್ಲಿ ಗೆದ್ದ ಮರುದಿನ ಇಂಥ ಮೆಟ್ಟಿಲ ಮೇಲೆ ಬಂದು ಕೂರುವವರು ಯಾರು ಎಂಬುದನ್ನು ಈಗಲೇ ಹೆಸರು ಹಿಡಿದು ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ನಿನ್ನೆಯ ಸಭೆಯಲ್ಲಿ ಮೂರು ಬೇಡಿಕೆಗಳನ್ನೂ ಎರಡನೆಯ ಉತ್ತರದ ಪ್ರಕಾರ ಜಾಲಿಸಿ ನೋಡಿದೆವು. ಪಾಲಿಕೆಯ ಕೈಯಲ್ಲಿರುವುದು ಜಮೀನು ಮಾತ್ರ. ಬಾಡಿಗೆಯ ಮಿತಿಯೂ ಮನೆ ಬಿಡಿಸುವ ನಿಯಮವೂ ಮೇಲಿನ ಸರ್ಕಾರದವು. ಮೂರು ವರ್ಷ ಈ ವ್ಯತ್ಯಾಸವನ್ನೇ ಗಮನಿಸದೆ ಪಾಲಿಕೆಯ ಬಾಗಿಲಲ್ಲಿ ಕೂಗಿದೆವಲ್ಲ ಎಂದು ನಾಚಿಕೆಯಾಯಿತು. ಈ ಬಾರಿ ಅಭ್ಯರ್ಥಿ ಬೇಡ, ನಿಂತವರೆಲ್ಲರಿಂದಲೂ ಜಮೀನಿನ ಬಗ್ಗೆ ಬರಹದಲ್ಲಿ ಮಾತು ಪಡೆಯೋಣ ಎಂಬ ಕಡೆಗೆ ಹೆಚ್ಚಿನವರು ವಾಲಿದ್ದಾರೆ, ಇಬ್ಬರು ಮುನಿಸಿಕೊಂಡು ಎದ್ದುಹೋದರು. ಮೂರನೆಯ ಉತ್ತರದವರಿಗೆ ಒಂದು ಪ್ರಶ್ನೆ: ಮನೆ ಮನೆಗೆ ಹೋದಾಗ ಏನೇನು ಬರೆದುಕೊಳ್ಳುತ್ತೀರಿ?

ಮೂರನೆಯ ಉತ್ತರದವರಿಂದ

ಈಗಿನ ಬಾಡಿಗೆ, ಕೊನೆಯ ಬಾರಿ ಏರಿಸಿದ ತಿಂಗಳು, ಏರಿಕೆಯ ಸೂಚನೆ ಬಂದದ್ದು ಕಾಗದದಲ್ಲೋ ಬಾಯಿಮಾತಿನಲ್ಲೋ, ದುರಸ್ತಿಗೆ ಹೇಳಿ ಎಷ್ಟು ದಿನವಾಯಿತು. ಫೋನ್ ನಂಬರನ್ನು ಕೊನೆಗೆ ಕೇಳಿ. ಮೊದಲೇ ಕೇಳಿದರೆ ಬಾಗಿಲು ಮುಚ್ಚುತ್ತಾರೆ.