ಹಳೆಯ ಡ್ರೆಸ್ಸರ್ ಕೊಳ್ಳುವಾಗ ಏನೇನು ನೋಡಬೇಕು? ವಿನೀರ್ ಎಂದರೆ ಮೋಸವೇ?

ಖಾಲಿಗೋಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 1950 ಮತ್ತು 60ರ ದಶಕಗಳಲ್ಲಿ ತಯಾರಾಗಿ, ಈಗ ಮಿಡ್-ಸೆಂಚುರಿ ಮಾಡರ್ನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಮರದ ಡ್ರೆಸ್ಸರ್ ಒಂದನ್ನು ಕೊಳ್ಳಬೇಕೆಂದು ಆರು ತಿಂಗಳಿಂದ ಹುಡುಕುತ್ತಿದ್ದೇನೆ. ಮಲಗುವ ಕೋಣೆಯ ಉದ್ದನೆಯ ಗೋಡೆಗೆ ಹೊಂದುವಂಥ, ಎತ್ತರ ಕಡಿಮೆಯಿದ್ದು ಅಗಲ ಹೆಚ್ಚಿರುವಂಥದು ನನಗೆ ಬೇಕು. ಅದರಲ್ಲಿ ದಿನವೂ ಬಟ್ಟೆ ಇಟ್ಟು ತೆಗೆಯುವವಳು ನಾನು, ಆದ್ದರಿಂದ ಕೇವಲ ನೋಟಕ್ಕೆ ಚೆಂದವಿದ್ದರೆ ಸಾಲದು.

ಕೊನೆಗೂ ಮನಸ್ಸಿಗೆ ಒಪ್ಪುವ ಒಂದು ಸಿಕ್ಕಿದೆ. ಸುಮಾರು ಆರು ಅಡಿ ಉದ್ದ, ಮೂರು ಸಾಲುಗಳಲ್ಲಿ ಒಂಬತ್ತು ಡ್ರಾಯರ್, ಕೆಳಗೆ ಹೋದಂತೆ ಸಣ್ಣಗಾಗುವ ಓರೆ ಕಾಲುಗಳು. ತಮ್ಮ ಹಿರಿಯರ ಮನೆಯನ್ನು ಖಾಲಿ ಮಾಡುತ್ತಿರುವವರು ಮಾರುತ್ತಿದ್ದಾರೆ. ಇದು ಡೆನ್ಮಾರ್ಕಿನದು, ಪೂರ್ತಿ ತೇಗದ ಮರದ್ದು ಎಂದು ಅವರು ಹೇಳಿದರು. ಆದರೆ ಮೇಲ್ಹಲಗೆಯ ಎಡ ಮೂಲೆಯಲ್ಲಿ ಉಗುರಿನಷ್ಟು ಅಗಲದ ಚಕ್ಕೆ ಎದ್ದುಹೋಗಿದ್ದು, ಅದರಡಿಯಲ್ಲಿ ಪೇಲವ ಬಣ್ಣದ ಬೇರೊಂದು ಮರ ಕಾಣಿಸುತ್ತಿದೆ. ಮೇಲಿರುವುದು ವಿನೀರ್, ಅಂದರೆ ಬೇರೆ ಹಲಗೆಯ ಮೇಲೆ ಅಂಟಿಸಿದ ಮರದ ತೆಳು ಪದರ ಎಂದು ತಿಳಿದ ಕೂಡಲೇ ನನ್ನ ಉತ್ಸಾಹ ಅರ್ಧ ಇಳಿಯಿತು. ಎರಡು ಡ್ರಾಯರ್‌ಗಳು ತೀರಾ ಬಿಗಿಯಾಗಿವೆ. ಕಂಪನಿಯ ಹೆಸರು ಎಲ್ಲಿಯೂ ಇಲ್ಲ. ಒಳಗೆ ನುಸಿಗುಳಿಗೆಯ ಗಾಟು ವಾಸನೆ ಇದೆ.

ಹಿಂದೊಮ್ಮೆ ಬರೀ ಫೋಟೋ ನೋಡಿ ಹಳೆಯ ಕಪಾಟೊಂದನ್ನು ತರಿಸಿಕೊಂಡಿದ್ದೆ. ಬಂದಾಗ ನೋಡಿದರೆ ಅದರ ತಳ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯದಾಗಿದ್ದು, ನೀರು ಕುಡಿದು ರೊಟ್ಟಿಯಂತೆ ಉಬ್ಬಿತ್ತು. ಆ ಪೆಟ್ಟು ಇನ್ನೂ ನೆನಪಿದೆ. ಇದನ್ನು ಬಿಟ್ಟುಬಿಡಲೇ, ಅಥವಾ ಇನ್ನೊಮ್ಮೆ ಹೋಗಿ ನೋಡಲೇ? ಹೋದರೆ ಏನನ್ನು ನೋಡಬೇಕು? ಕೊಂಡರೆ ಮೇಲ್ಮೈಯನ್ನು ಪೂರ್ತಿ ಉಜ್ಜಿ ಹೊಸ ಪಾಲಿಶ್ ಕೊಡಿಸಬಹುದೇ?

ಉಳಿಕೊಡತಿ ಉತ್ತರಿಸಿದ್ದು:

ದಯವಿಟ್ಟು ಇನ್ನೊಮ್ಮೆ ಹೋಗಿ ನೋಡಿ. ವಿನೀರ್ ಇದೆ ಎಂಬ ಒಂದೇ ಕಾರಣಕ್ಕೆ ಆ ಕಾಲದ ಡ್ರೆಸ್ಸರನ್ನು ಬಿಟ್ಟುಬಂದರೆ, ಅದರ ಅತ್ಯುತ್ತಮ ಮಾದರಿಗಳಲ್ಲಿ ಹೆಚ್ಚಿನವನ್ನು ನೀವು ಬಿಟ್ಟಂತೆಯೇ ಸರಿ. ಅಗಲವಾದ ಗಟ್ಟಿ ಹಲಗೆ ಹವೆಯ ತೇವಕ್ಕೆ ತಕ್ಕಂತೆ ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಅಂಚುಪಟ್ಟಿಯಿಲ್ಲದ, ಕೆತ್ತನೆಯಿಲ್ಲದ, ನೇರ ರೇಖೆಗಳ ಆರಡಿ ಮೇಲ್ಮೈ ದಶಕಗಳ ಕಾಲ ಬಾಗದೆ ನಿಲ್ಲಬೇಕಾದರೆ, ಒಳಗೆ ಸ್ಥಿರವಾದ ಹಲಗೆಯನ್ನೋ ಪ್ಲೈವುಡ್ಡನ್ನೋ ಇಟ್ಟು ಮೇಲೆ ಒಳ್ಳೆಯ ಮರದ ತೆಳು ಪದರ ಹಾಕುವುದು ಸರಿಯಾದ ಕ್ರಮ. ಒಂದೇ ಮರದ ಎಳೆ ಮೂರು ಡ್ರಾಯರ್‌ಗಳ ಮುಖದ ಮೇಲೆ ತುಂಡಾಗದೆ ಹರಿದುಹೋಗುವ ಆ ಸೊಗಸು ಕೂಡ ಹೆಚ್ಚಾಗಿ ವಿನೀರಿನ ಕೊಡುಗೆ. ಹಾಗೆಂದು ಆ ಕಾಲದಲ್ಲಿ ಗಟ್ಟಿ ಮರದವು ಇರಲಿಲ್ಲವೆಂದಲ್ಲ. ಅಮೆರಿಕದ ಹೇವುಡ್-ವೇಕ್‌ಫೀಲ್ಡ್ ಕಂಪನಿ ಬರ್ಚ್ ಮರದಲ್ಲಿಯೂ, ಪಾಲ್ ಮೆಕ್ಯಾಬ್ ವಿನ್ಯಾಸ ಮಾಡಿದ ಪ್ಲ್ಯಾನರ್ ಗ್ರೂಪ್ ಎಂಬ ಪೀಠೋಪಕರಣ ಸಾಲು ಮೇಪಲ್ ಮರದಲ್ಲಿಯೂ ಗಟ್ಟಿಯಾಗಿಯೇ ಬಂದವು. ಎರಡೂ ಬಗೆಯಲ್ಲಿ ಒಳ್ಳೆಯ ಕೆಲಸವಿದೆ.

ನಾನು ಮೊದಲು ನೋಡುವುದು ಡ್ರಾಯರನ್ನು. ಒಂದನ್ನು ಪೂರ್ತಿ ಹೊರಗೆಳೆದು ನೆಲದ ಮೇಲೆ ಬಟ್ಟೆ ಹಾಸಿ ಇಟ್ಟುಕೊಳ್ಳಿ. ಮುಂದಿನ ಹಲಗೆಯೂ ಪಕ್ಕದ ಹಲಗೆಯೂ ಸೇರುವ ಮೂಲೆಯಲ್ಲಿ, ಪಾರಿವಾಳದ ಬಾಲದಂತೆ ಬಿಚ್ಚಿಕೊಂಡ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿವೆಯೇ? ಅದು ಡವ್‌ಟೇಲ್ ಜೋಡಣೆ. ಹಲ್ಲುಗಳು ಒಂದೇ ಅಳತೆಯಲ್ಲಿದ್ದರೆ ಯಂತ್ರದಲ್ಲಿ ಕೊರೆದದ್ದು ಎಂದರ್ಥ. ಈ ಕಾಲದ ಪೀಠೋಪಕರಣದಲ್ಲಿ ಅದು ಸಹಜ, ಕೊರತೆಯಲ್ಲ. ಪಕ್ಕದ ಹಲಗೆ ಓಕ್, ಬೀಚ್, ಮಹಾಗನಿಯಂಥ ಗಟ್ಟಿ ಮರದ್ದಾಗಿದ್ದು, ತಳದ ತೆಳು ಪ್ಲೈವುಡ್ಡು ನಾಲ್ಕೂ ಕಡೆ ಕೊರೆದ ಕಾಲುವೆಯಲ್ಲಿ ಕುಳಿತಿದ್ದರೆ, ಕಣ್ಣಿಗೆ ಬೀಳದ ಜಾಗದಲ್ಲಿಯೂ ತಯಾರಕರು ಕೈ ಬಿಗಿಹಿಡಿಯಲಿಲ್ಲ ಎಂದು ತಿಳಿಯಬಹುದು. ಬದಲಿಗೆ ಬರೀ ಸ್ಟೇಪಲ್ ಪಿನ್ನು ಹೊಡೆದ ಮೂಲೆ, ತಿರುಗಿಸಿ ಬಿಗಿಯುವ ಲೋಹದ ಕ್ಯಾಮ್ ಲಾಕ್, ಪ್ಲಾಸ್ಟಿಕ್ ಪದರದ ಮೇಲೆ ಅಚ್ಚೊತ್ತಿದ ಮರದ ಚಿತ್ರ ಕಂಡರೆ ಅದು ಇತ್ತೀಚಿನದು. ಒಂದು ಮಾತು: ಬೆನ್ನಿನ ಹಲಗೆ ಮಾತ್ರ ತೆಳು ಹಾರ್ಡ್‌ಬೋರ್ಡ್ ಆಗಿದ್ದು ಸ್ಟೇಪಲ್ ಹೊಡೆದಿದ್ದರೆ ಗಾಬರಿ ಬೇಡ. ಆ ಕಾಲದ ಅಮೆರಿಕದ ಒಳ್ಳೆಯ ಕಂಪನಿಗಳೂ ಹಾಗೆ ಮಾಡಿವೆ.

ಆಮೇಲೆ ಖಾಲಿ ಗೂಡಿನೊಳಗೆ ಟಾರ್ಚ್ ಬಿಡಿ. ಡ್ರಾಯರ್ ಜಾರುವ ಮರದ ಓಡುಪಟ್ಟಿ ಸವೆದು ಹಳ್ಳ ಬಿದ್ದಿದೆಯೇ, ಕೀಲುಗಳು ಅಲುಗಾಡುತ್ತವೆಯೇ ನೋಡಿ. ಸೂಜಿ ಚುಚ್ಚಿದಂತೆ ಒಂದೆರಡು ಮಿಲಿಮೀಟರಿನ ತೂತುಗಳಿದ್ದು ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಕೊರೆಹುಳು ಇನ್ನೂ ಜೀವಂತವಾಗಿದೆ. ಅಂಥದನ್ನು ಮನೆಯೊಳಗೆ ತರಬೇಡಿ. ಪುಡಿಯಿಲ್ಲದ ಹಳೆಯ ತೂತುಗಳು ಅಷ್ಟು ಅಪಾಯವಲ್ಲ. ಕೊನೆಗೆ ಡ್ರೆಸ್ಸರಿನ ಎರಡು ತುದಿಗಳನ್ನು ಹಿಡಿದು ಮೆಲ್ಲಗೆ ಓಲಾಡಿಸಿ. ಕಾಲು ಸಡಿಲವಾಗಿದ್ದರೆ ಸರಿಪಡಿಸಬಹುದು, ಆದರೆ ಚೌಕಟ್ಟೇ ಓರೆಯಾಗಿದ್ದರೆ ಅದು ದೊಡ್ಡ ಕೆಲಸ.

ಬಿಗಿಯಾದ ಡ್ರಾಯರ್‌ಗಳ ವಿಷಯದಲ್ಲಿ ಒಂದು ಅನುಮಾನವಿದೆ. ಪ್ರತಿ ಡ್ರಾಯರನ್ನೂ ಅದರ ಗೂಡಿಗೆ ಒಪ್ಪವಾಗಿ ಕೂರಿಸಿದ ಮೇಲೆ, ಅದರ ಹಿಂಬದಿಯಲ್ಲೋ ತಳದಲ್ಲೋ ಪೆನ್ಸಿಲ್ಲಿನಿಂದ ಅಂಕೆ ಬರೆಯುವ ರೂಢಿ ಹಲವು ಕಾರ್ಖಾನೆಗಳಲ್ಲಿತ್ತು. ಯಾರೋ ಮನೆ ಸಾಗಿಸುವಾಗ ಅವನ್ನು ಅದಲುಬದಲು ಮಾಡಿರಬಹುದು. ಅಂಕೆ ಹುಡುಕಿ ನೋಡಿ.

ಹಳೇಬೀರು ಉತ್ತರಿಸಿದ್ದು:

ಮೇಲಿನವರು ಡ್ರೆಸ್ಸರಿನ ಕಟ್ಟಣೆಯ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಾನು ಹೆಸರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ವ್ಯಾಪಾರದಲ್ಲಿ ಹೆಚ್ಚು ಜನ ಸೋಲುವುದು ಅಲ್ಲಿಯೇ.

ಆರಡಿ ಉದ್ದ, ಒಂಬತ್ತು ಡ್ರಾಯರ್ ಎಂದ ಕೂಡಲೇ ನನಗೆ ಅಮೆರಿಕ ನೆನಪಾಗುತ್ತದೆ. ಮಂಚ, ಕನ್ನಡಿ, ಪಕ್ಕದ ಮೇಜುಗಳ ಜೊತೆ ಮಲಗುವ ಕೋಣೆಯ ಸೆಟ್ಟಾಗಿ ಇಂಥ ಡ್ರೆಸ್ಸರ್‌ಗಳನ್ನು ಅಲ್ಲಿನ ಡ್ರೆಕ್ಸೆಲ್, ಲೇನ್, ಬ್ರಾಯ್‌ಹಿಲ್, ಅಮೆರಿಕನ್ ಆಫ್ ಮಾರ್ಟಿನ್ಸ್‌ವಿಲ್ ಮೊದಲಾದ ಕಂಪನಿಗಳು ಅಪಾರ ಸಂಖ್ಯೆಯಲ್ಲಿ ಮಾಡಿದವು, ಹೆಚ್ಚಾಗಿ ವಾಲ್ನಟ್ ಮರದಲ್ಲಿ. ಎರಡನೇ ಮಹಾಯುದ್ಧದ ನಂತರ ಆಗ್ನೇಯ ಏಷ್ಯಾದ ತೇಗವನ್ನು ತರಿಸಿಕೊಂಡು ಡೆನ್ಮಾರ್ಕ್ ದೊಡ್ಡ ಹೆಸರು ಮಾಡಿದ್ದರಿಂದ, ಕಂದು ಬಣ್ಣದ, ಓರೆ ಕಾಲಿನ ಎಲ್ಲವೂ ಮಾರುವವರ ಬಾಯಲ್ಲಿ ಡೆನ್ಮಾರ್ಕಿನ ತೇಗವಾಗಿಬಿಡುತ್ತದೆ. ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ಮನೆಯಲ್ಲಿ ಹಿರಿಯರು ಹಾಗೆ ಕರೆಯುತ್ತಿದ್ದಿರಬಹುದು. ತೇಗಕ್ಕೆ ಎಣ್ಣೆಯ ಜಿಡ್ಡಿನಂಥ ಸ್ಪರ್ಶ, ತೊಗಲನ್ನು ಹೋಲುವ ವಾಸನೆ, ಹೊಂಬಣ್ಣ ಬೆರೆತ ಕಂದು ಇರುತ್ತದೆ. ವಾಲ್ನಟ್ಟಿನ ಕಂದಿನಲ್ಲಿ ಚಾಕೊಲೇಟಿನ ಛಾಯೆಯಿರುತ್ತದೆ ಮತ್ತು ಬೆಳಕಿಗೆ ಅದು ವರ್ಷಗಳು ಕಳೆದಂತೆ ತಿಳಿಯಾಗುತ್ತದೆ. ಮೇಲೆ ದೀಪವೋ ಹೂದಾನಿಯೋ ಇದ್ದ ಜಾಗದಲ್ಲಿ ಸುತ್ತಲಿಗಿಂತ ಕಡು ಬಣ್ಣದ ಗುರುತು ಉಳಿದಿದ್ದರೆ ವಾಲ್ನಟ್ ಎಂದು ಊಹಿಸಲು ಅದೊಂದು ಕಾರಣ.

ಗುರುತು ಸಿಗುವುದಾದರೆ ಮೇಲಿನ ಎಡ ಡ್ರಾಯರಿನ ಒಳಗೋಡೆಯಲ್ಲಿ, ಇಲ್ಲವೇ ಬೆನ್ನಿನ ಹಲಗೆಯ ಮೇಲೆ ಸಿಗುವುದು ಹೆಚ್ಚು. ಡೆನ್ಮಾರ್ಕಿನ ಎಷ್ಟೋ ವಸ್ತುಗಳ ಮೇಲೆ ಅಲ್ಲಿನ ಪೀಠೋಪಕರಣ ತಯಾರಕರ ಗುಣಮಟ್ಟ ನಿಯಂತ್ರಣದ ದುಂಡು ಮುದ್ರೆ ಇರುತ್ತದೆ. ಬ್ರಿಟನ್ನಿನಲ್ಲಿ 1953ರಲ್ಲಿ ಆರಂಭವಾದ ಜಿ-ಪ್ಲಾನ್ ಎಂಬ ಪೀಠೋಪಕರಣ ಸಾಲು ತನ್ನ ಹೆಸರನ್ನು ಡ್ರಾಯರಿನೊಳಗೆ ಹಾಕುತ್ತಿತ್ತು. ಲೇನ್ ಕಂಪನಿಯ ಕ್ರಮಸಂಖ್ಯೆಯನ್ನು ಹಿಂದುಮುಂದಾಗಿ ಓದಿದರೆ ತಯಾರಾದ ದಿನಾಂಕ ಸಿಗುತ್ತದೆ: 350260 ಎಂದಿದ್ದರೆ ತಿರುಗಿಸಿದಾಗ 062053, ಅಂದರೆ 1953ರ ಜೂನ್ 20. ಬೇರೆ ಕಂಪನಿಗಳ ಅಂಕೆಗಳನ್ನು ಹೀಗೆ ಓದಬೇಡಿ. ಅವು ಸಾಮಾನ್ಯವಾಗಿ ಮಾದರಿಯ ಅಥವಾ ಪಾಲಿಶಿನ ಸಂಕೇತಗಳು. ಕೆಲವನ್ನು ಮುದ್ರೆಯಿಲ್ಲದೆಯೂ ಹಿಡಿಯಿಂದಲೇ ಗುರುತಿಸಬಹುದು. ಬ್ರಾಯ್‌ಹಿಲ್ ಕಂಪನಿ 1962ರಲ್ಲಿ ಸಿಯಾಟಲ್‌ನ ವಿಶ್ವ ಮೇಳದಲ್ಲಿ ತೋರಿಸಿದ ಬ್ರೆಸಿಲಿಯಾ ಸಾಲಿನ ಕಮಾನುಗಳು, ವಾಸ್ತುಶಿಲ್ಪಿ ಆಸ್ಕರ್ ನೀಮೆಯರ್ ಬ್ರೆಜಿಲಿನ ಅದೇ ಹೆಸರಿನ ರಾಜಧಾನಿಗೆ ವಿನ್ಯಾಸ ಮಾಡಿದ ಕಟ್ಟಡಗಳ ಕಂಬಗಳಿಂದ ಬಂದವು. ಒಮ್ಮೆ ನೋಡಿದವರು ಮರೆಯುವುದಿಲ್ಲ. ಹಿಡಿಗಳನ್ನು ಬದಲಾಯಿಸಿದ್ದರೆ ಡ್ರಾಯರಿನ ಒಳಬದಿಯಲ್ಲಿ ಮುಚ್ಚಿದ ಹಳೆಯ ತೂತುಗಳು ಕಾಣುತ್ತವೆ, ಅದನ್ನೂ ನೋಡಿ.

ಹೆಸರಿಲ್ಲದಿದ್ದರೆ ಹೆಸರಿಗೆ ಹಣ ಕೊಡಬೇಡಿ, ಕೆಲಸಕ್ಕೆ ಕೊಡಿ. ಇಂಥ ವಿನ್ಯಾಸಕರ ಶೈಲಿಯದು ಎಂಬ ಮಾತು ಆ ವಿನ್ಯಾಸಕರದೇ ಎಂಬುದಕ್ಕೆ ಪುರಾವೆಯಲ್ಲ. ಇನ್ನೊಂದು ಎಚ್ಚರಿಕೆಯನ್ನು ಎಲ್ಲರಿಗಾಗಿ ಬರೆಯುತ್ತೇನೆ: ಬ್ರೆಜಿಲಿನ ಬೀಟೆ (ರೋಸ್‌ವುಡ್) ಮರ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಮೊದಲ ಪಟ್ಟಿಯಲ್ಲಿ 1992ರಿಂದ ಇದೆ. ರೋಸ್‌ವುಡ್ ಎಂದು ಮಾರುವ ಡ್ರೆಸ್ಸರನ್ನು ದೇಶದ ಗಡಿ ದಾಟಿಸಬೇಕಾದರೆ ಕಾಗದಪತ್ರ ಕೇಳುತ್ತಾರೆ. ಹೊರದೇಶದಿಂದ ತರಿಸುವವರು ಹಣ ಕೊಡುವ ಮೊದಲೇ ಅದನ್ನು ವಿಚಾರಿಸಿಕೊಳ್ಳಬೇಕು.

ಅರಗಿನಹೊಳಪು ಉತ್ತರಿಸಿದ್ದು:

ಪಾಲಿಶಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ. ಯಂತ್ರ ಹಿಡಿದು ಪೂರ್ತಿ ಉಜ್ಜಿಸಬೇಡಿ. ಆ ಕಾಲದ ಅಮೆರಿಕದ ವಿನೀರಿನ ದಪ್ಪ ಸಾಮಾನ್ಯವಾಗಿ ಅಂಗುಲದ 28ನೇ ಒಂದು ಭಾಗ, ಅಂದರೆ ಸುಮಾರು 0.9 ಮಿಲಿಮೀಟರ್. ಈಗಿನ ವಿನೀರಿಗಿಂತ ಇದು ದಪ್ಪವೇ, ಆದರೂ ಅಂಚಿನ ಬಳಿ ಉಪ್ಪುಕಾಗದ ಅರೆಕ್ಷಣ ಹೆಚ್ಚು ನಿಂತರೆ ಕೆಳಗಿನ ಮರ ಬಾಯ್ತೆರೆಯುತ್ತದೆ, ಆ ಗಾಯವನ್ನು ಬಣ್ಣದಿಂದ ಮುಚ್ಚುವುದು ಕಷ್ಟ. ನಾನು ಮೊದಮೊದಲು ಒಂದು ಮೇಲ್ಹಲಗೆಯನ್ನು ಹೀಗೆಯೇ ಕೆಡಿಸಿದ್ದೇನೆ. ಆ ಮಸುಕು ಪಟ್ಟೆ ಇಂದಿಗೂ ನನ್ನ ಕಣ್ಣಿಗೆ ಚುಚ್ಚುತ್ತದೆ.

ಮೊದಲು ಮಿನರಲ್ ಸ್ಪಿರಿಟ್ಟಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒಂದು ಅಂಗೈಯಗಲ ಒರೆಸಿ ನೋಡಿ. ದಶಕಗಳ ಮೇಣವೂ ಕೈಜಿಡ್ಡೂ ಎದ್ದುಬಂದು ಬಟ್ಟೆ ಕಂದಾಗುತ್ತದೆ, ಅಡಿಯಲ್ಲಿ ಪಾಲಿಶ್ ಚೆನ್ನಾಗಿಯೇ ಉಳಿದಿರುವುದು ಎಷ್ಟೋ ಸಲ ಕಾಣುತ್ತದೆ. ಹಳೆಯ ಪಾಲಿಶ್ ಯಾವುದೆಂದು ತಿಳಿಯಬೇಕಾದರೆ ಮರೆಯಾದ ಜಾಗದಲ್ಲಿ ಹತ್ತಿಯ ತುದಿಯಿಂದ ಪರೀಕ್ಷಿಸಿ: ಮಿಥೈಲೇಟೆಡ್ ಸ್ಪಿರಿಟ್ಟಿಗೆ (ಮೇಲೆ ಹೇಳಿದ ಮಿನರಲ್ ಸ್ಪಿರಿಟ್ ಅಲ್ಲ) ಅಂಟಂಟಾದರೆ ಅರಗು, ಅದಕ್ಕೆ ಜಗ್ಗದೆ ಲ್ಯಾಕರ್ ಥಿನ್ನರಿಗೆ ಕರಗಿದರೆ ಲ್ಯಾಕರ್, ಎರಡಕ್ಕೂ ಜಗ್ಗದಿದ್ದರೆ ಯಾರೋ ಆಮೇಲೆ ಪಾಲಿಯುರೆಥೇನ್ ಬಳಿದಿರುವ ಸಾಧ್ಯತೆ ಹೆಚ್ಚು. ಬಿಳಿ ಉಂಗುರದ ಕಲೆ ಸಾಮಾನ್ಯವಾಗಿ ಪಾಲಿಶಿನಲ್ಲಿ ಸಿಕ್ಕಿಕೊಂಡ ತೇವ, ಅದು ಹೋಗುತ್ತದೆ. ಕಪ್ಪು ಕಲೆ ಮರದೊಳಕ್ಕೆ ಇಳಿದದ್ದು. ಅದಕ್ಕೆ ಪಾಲಿಶ್ ತೆಗೆದು ಆಕ್ಸಾಲಿಕ್ ಆಮ್ಲ ಹಚ್ಚಬೇಕಾಗುತ್ತದೆ. ಯಾರಾದರೂ ಡ್ರೆಸ್ಸರಿಗೆ ಬಣ್ಣ ಬಳಿದಿದ್ದರೆ ಸೀಸದ ಪರೀಕ್ಷೆ ಮಾಡದೆ ಉಜ್ಜಲೇಬಾರದು. ಅಮೆರಿಕದಲ್ಲಿ ಮನೆಬಳಕೆಯ ಸೀಸದ ಬಣ್ಣಕ್ಕೆ ನಿಷೇಧ ಬಂದದ್ದೇ 1978ರಲ್ಲಿ.

ನುಸಿಗುಳಿಗೆಯ ವಾಸನೆಗೆ ತಾಳ್ಮೆ ಬೇಕು. ಡ್ರಾಯರ್‌ಗಳನ್ನು ಕೆಲವು ದಿನ ಗಾಳಿಗೆ ಹರವಿ. ಆದರೂ ಉಳಿದರೆ ಒಳಬದಿಗೆ ತೆಳುವಾಗಿ ಅರಗಿನ ಲೇಪ ಕೊಡಿ. ಅದು ವಾಸನೆಯನ್ನು ಮರದೊಳಗೇ ಕಟ್ಟಿಹಾಕುತ್ತದೆ. ಓಡುಪಟ್ಟಿಗಳಿಗೆ ಮಾತ್ರ ಲೇಪ ತಾಗಿಸಬೇಡಿ.

ಖಾಲಿಗೋಡೆ ಮತ್ತೆ ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು. ಇವತ್ತು ಟಾರ್ಚ್, ಅಳತೆಪಟ್ಟಿ, ಹಳೆಯ ಬಟ್ಟೆ ಹಿಡಿದುಕೊಂಡು ಹೋಗಿದ್ದೆ. ಮೂಲೆಗಳಲ್ಲಿ ಡವ್‌ಟೇಲ್ ಹಲ್ಲುಗಳಿವೆ, ಪಕ್ಕದ ಹಲಗೆಗಳು ಓಕ್ ಮರದಂತೆ ಕಾಣುತ್ತವೆ, ಬೆನ್ನು ಹಾರ್ಡ್‌ಬೋರ್ಡಿನದು. ಹುಳುವಿನ ಪುಡಿ ಎಲ್ಲಿಯೂ ಇಲ್ಲ. ಮೇಲ್ಹಲಗೆಯ ನಡುವೆ ತಟ್ಟೆಯಗಲದ ಕಡು ಕಂದು ವೃತ್ತವಿದೆ. ಅಲ್ಲಿ ಯಾವಾಗಲೂ ಒಂದು ದೀಪ ಇರುತ್ತಿತ್ತು ಎಂದು ಅವರೇ ಹೇಳಿದರು. ಹಾಗಾಗಿ ವಾಲ್ನಟ್ ಎಂದೇ ತೋರುತ್ತದೆ.

ಡ್ರಾಯರ್‌ಗಳ ಹಿಂಬದಿಯಲ್ಲಿ ಪೆನ್ಸಿಲ್ ಅಂಕೆಗಳು ಇದ್ದವು! ಧೂಳು ಒರೆಸಿದಾಗ ಒಂದೊಂದಾಗಿ ಕಾಣಿಸಿದವು. ನಾಲ್ಕನೆಯದರ ಗೂಡಿನಲ್ಲಿ ಆರನೆಯದು, ಆರನೆಯದರಲ್ಲಿ ನಾಲ್ಕನೆಯದು ಇತ್ತು. ಬದಲಾಯಿಸಿ ತಳ್ಳಿದೆ; ನಾಲ್ಕನೆಯದು ಎರಡು ಬೆರಳಿನ ಒತ್ತಡಕ್ಕೆ ಮೆಲ್ಲಗೆ ಉಸಿರು ಬಿಟ್ಟಂತೆ ಒಳಗೆ ಹೋಗಿ ನಿಂತಿತು. ಆರನೆಯದು ಈಗಲೂ ಸ್ವಲ್ಪ ತಡೆಯುತ್ತದೆ. ಮಾರುವವರಿಗೂ ಆ ಅಂಕೆಗಳನ್ನು ತೋರಿಸಿದೆ, ಇಷ್ಟು ವರ್ಷ ನಾವು ನೋಡಿಯೇ ಇರಲಿಲ್ಲ ಎಂದರು. ಮೂಲೆಯ ಚಕ್ಕೆಯನ್ನೂ ಹೆಸರಿಲ್ಲದಿರುವುದನ್ನೂ ಮುಂದಿಟ್ಟು ಮಾತನಾಡಿದೆ, ಇಬ್ಬರಿಗೂ ಒಪ್ಪುವ ಬೆಲೆಗೆ ಬಂದೆವು. ಮುಂದಿನ ವಾರ ತರುತ್ತೇನೆ. ಚಕ್ಕೆಗೆ ಏನು ಮಾಡಲಿ? ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ, ಬೇರೆ ಏನಾದರೂ ಎಚ್ಚರ ಬೇಕೇ?

ಉಳಿಕೊಡತಿ ಉತ್ತರಿಸಿದ್ದು:

ಬಹಳ ಸಂತೋಷವಾಯಿತು. ಆರನೆಯ ಡ್ರಾಯರಿನ ಕೆಳ ಅಂಚಿಗೂ ಓಡುಪಟ್ಟಿಗೂ ಬಿಳಿಯ ಮೇಣದಬತ್ತಿಯನ್ನು ಉಜ್ಜಿ, ನಾಲ್ಕಾರು ಸಲ ಎಳೆದು ತಳ್ಳಿ. ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ. ಅದು ಮರಕ್ಕೆ ಇಳಿದರೆ ಮುಂದೆ ಯಾವ ಪಾಲಿಶೂ ಸಮವಾಗಿ ಕೂರುವುದಿಲ್ಲ. ಚಕ್ಕೆ ಎದ್ದ ಜಾಗಕ್ಕೆ ಅದೇ ಎಳೆಯ ವಾಲ್ನಟ್ ವಿನೀರಿನ ತುಣುಕನ್ನು ಕೂರಿಸಿಕೊಡಲು ಅನುಭವವಿರುವ ಬಡಗಿಗೆ ಹೇಳಿ. ಕತ್ತರಿಸುವಾಗ ಎಳೆಗೆ ಓರೆಯಾಗಿ ಕತ್ತರಿಸಿದರೆ ಸಂದು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಯವರೆಗೆ ಆ ಅಂಚಿಗೆ ಬಟ್ಟೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ, ಆದರೆ ವಿನೀರಿನ ಮೇಲೆ ಅಂಟುಪಟ್ಟಿ ಹಚ್ಚಬೇಡಿ. ಕೀಳುವಾಗ ಇನ್ನಷ್ಟು ಚಕ್ಕೆ ಅದರ ಜೊತೆ ಬರುತ್ತದೆ.

ಸಾಗಿಸುವಾಗ ಡ್ರಾಯರ್‌ಗಳನ್ನು ತೆಗೆದು ಬೇರೆಯಾಗಿ ಒಯ್ಯಿರಿ. ಡ್ರೆಸ್ಸರನ್ನು ಎಳೆಯದೆ, ಕಾಲುಗಳ ಮೇಲೆ ಭಾರ ಓರೆಯಾಗಿ ಬೀಳದಂತೆ ಇಬ್ಬರು ಎತ್ತಬೇಕು. ಮಗುವಿರುವ ಮನೆಯಾದ್ದರಿಂದ ಇದನ್ನು ಮರೆಯಬೇಡಿ: ಮಗು ಡ್ರಾಯರ್ ಎಳೆದು ಮೆಟ್ಟಿಲಿನಂತೆ ಹತ್ತಿದರೆ ತಗ್ಗಾದ ಡ್ರೆಸ್ಸರೂ ಮುಂದಕ್ಕೆ ಮಗುಚುತ್ತದೆ. ಅಮೆರಿಕದಲ್ಲಿ 2023ರ ಸೆಪ್ಟೆಂಬರಿನಿಂದ ಇದಕ್ಕೆ ಕಡ್ಡಾಯ ಮಾನದಂಡ ಬಂದಿದೆ, ಆದರೆ ಅದು ಅಲ್ಲಿಂದಾಚೆ ತಯಾರಾದವುಗಳಿಗೆ ಮಾತ್ರ. ನಿಮ್ಮದಕ್ಕೆ ನೀವೇ ಕಾವಲು. ಹಾರ್ಡ್‌ಬೋರ್ಡಿನ ಬೆನ್ನಿಗೆ ಮೊಳೆ ನಿಲ್ಲುವುದಿಲ್ಲ. ಅದರ ಮೇಲ್ಭಾಗದಲ್ಲಿ ಹಾಯುವ ಗಟ್ಟಿ ಮರದ ಅಡ್ಡಪಟ್ಟಿಗೆ ಎರಡು ಕಡೆ ಲೋಹದ ಪಟ್ಟಿ ಸ್ಕ್ರೂ ಮಾಡಿ, ಇನ್ನೊಂದು ತುದಿಯನ್ನು ಗೋಡೆಗೆ ಬಿಗಿಯಿರಿ. ಡ್ರಾಯರ್‌ಗಳನ್ನು ತುಂಬುವ ಮೊದಲೇ ಈ ಕೆಲಸ ಆಗಲಿ.