ಬಾಲ್ಕನಿ ವರ್ಕ್‌ಶಾಪ್: ಮರ ಕೊಯ್ಯೋ ಸಾ ಆನ್ ಮಾಡಿದ್ರೆ ಎಂಸಿಬಿ ಬೀಳ್ತೈತೆ, ಸೌಂಡ್ ಕೆಳಗಿನ ಮನೆಗೆ ಹೋಗ್ತೈತೆ, ಏನ್ ಮಾಡ್ಲಿ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ರಿಗೂ ನಮಸ್ಕಾರ. ನಮ್ದು ಸೆಕೆಂಡ್ ಫ್ಲೋರ್‌ನಾಗೆ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಹಿಂದ್ಗಡೆ ಬಾಲ್ಕನಿ 4 ಅಡಿ ಅಗಲ 9 ಅಡಿ ಉದ್ದ ಐತೆ, ಅಲ್ಲೇ ಸ್ಪೀಕರ್ ಬಾಕ್ಸ್ ಮಾಡ್ತೀನಿ. 18 ಎಂಎಂ ಪ್ಲೈವುಡ್ ಕೊಯ್ಯಾಕೆ 1200 ವ್ಯಾಟ್ ಸರ್ಕ್ಯುಲರ್ ಸಾ, ಧೂಳು ಎಳಿಯಾಕೆ 1000 ವ್ಯಾಟ್ ವ್ಯಾಕ್ಯೂಮ್, ಎರಡನ್ನೂ ಬಾಲ್ಕನಿ ಲೈಟಿನ ಕೆಳಗಿರೋ ಒಂದೇ ಪಾಯಿಂಟಿಗೆ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಕೊಟ್ಟೀನಿ. ಕೆಲವು ಸಲ ಸ್ವಿಚ್ ಒತ್ತಿದ ತಕ್ಷಣ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ತಾನೇ ಕರೆಂಟ್ ಕಡಿಯೋ ಸ್ವಿಚ್) ಬಿದ್ದು ಹಾಲ್ ಲೈಟ್ ಸಮೇತ ಹೋಗ್ಬಿಡುತ್ತೆ, ಕೆಲವು ಸಲ ಒಂದಷ್ಟು ನಿಮಿಷ ಚೆನ್ನಾಗೇ ಓಡಿ ಆಮೇಲೆ ಹೋಗುತ್ತೆ. ಎಲೆಕ್ಟ್ರಿಷಿಯನ್ ಒಬ್ರು ಬಂದು ನೋಡಿ 6 ಆಂಪಿಂದು ತೆಗೆದು 16 ಆಂಪಿನ ಎಂಸಿಬಿ ಹಾಕಿಬಿಡ್ತೀನಿ ಅಂದ್ರು. ಹಾಕ್ಸ್ಲಾ?

ಇನ್ನೊಂದು, ಬೆಂಚನ್ನ ಗೋಡೆಗೆ ಬ್ರಾಕೆಟ್ ಹೊಡೆದು ಕೂರ್ಸೀನಿ, ಸ್ವಲ್ಪನೂ ಅಲ್ಲಾಡಲ್ಲ, ಆದ್ರೆ ಕೆಳಗಿನ ಮನೆಯೋರು ತಲೆ ಮೇಲೆ ಗಿರಣಿ ಓಡ್ದಂಗೆ ಆಗ್ತೈತೆ ಅಂತಾರೆ. ಅವರ ಮನೆಯಾಗೆ ವಯಸ್ಸಾದೋರು ಅದಾರೆ, ನಂಗೂ ಬೇಜಾರಾಗುತ್ತೆ. ಹವ್ಯಾಸ ಬಿಡಾಕಂತೂ ಮನಸ್ಸಿಲ್ಲ.

ಉತ್ತರ (ನಿಟ್ಟುವಳ್ಳಿ, ದಾವಣಗೆರೆ)

ಮೊದ್ಲು 16ರ ಎಂಸಿಬಿ ಹಾಕ್ಸೋದು ನಿಲ್ಸ್ರಿ, ದಯವಿಟ್ಟು. ಎಂಸಿಬಿ ಇರೋದು ಮಷೀನ್ ಕಾಯಾಕಲ್ಲ, ಗೋಡೆಯೊಳಗಿನ ವೈರ್ ಕಾಯಾಕೆ. ಲೈಟಿನ ಲೈನಿಗೆ ಸಾಮಾನ್ಯವಾಗಿ 1 ಅಥವಾ 1.5 ಸ್ಕ್ವೇರ್ ಎಂಎಂ ವೈರ್ ಇರುತ್ತೆ, ಅದ್ರ ಮೇಲೆ 16 ಕೂರ್ಸಿದ್ರೆ ಬೀಳೋದು ನಿಲ್ಲುತ್ತೆ ಖರೆ, ವೈರ್ ಪೈಪಿನೊಳಗೇ ಬಿಸಿಯಾಗಿ ಇನ್ಸುಲೇಶನ್ ಕರಗೋದು ಯಾರ ಕಣ್ಣಿಗೂ ಬೀಳಲ್ಲ.

ನಿಮ್ಗೆ ಆಗ್ತಿರೋದು ಎರಡು ಬೇರೆ ಬೇರೆ ಸಮಸ್ಯೆ. ಒತ್ತಿದ ತಕ್ಷಣ ಬೀಳೋದು ಮೋಟರ್ ಸ್ಟಾರ್ಟಿಂಗ್ ಕರೆಂಟಿಂದ. 1200 ವ್ಯಾಟ್ ಅಂದ್ರೆ 230 ವೋಲ್ಟಿಗೆ ಸುಮಾರು 5.2 ಆಂಪ್, ಆದ್ರೆ ಸಾಫ್ಟ್ ಸ್ಟಾರ್ಟ್ (ಮೋಟರನ್ನ ನಿಧಾನಕ್ಕೆ ಶುರು ಮಾಡೋ ವ್ಯವಸ್ಥೆ) ಇಲ್ದಿರೋ ಸಾ ಶುರುವಾಗೋ ಆ ಕ್ಷಣ ಅದ್ರ ಹಲವು ಪಟ್ಟು ಎಳೀತೈತೆ. ನಿಮ್ಮ ಎಂಸಿಬಿ ಮುಖದ ಮೇಲೆ ಬಿ6 ಅಂತ ಬರ್ದೈತಾ ಸಿ6 ಅಂತ ಬರ್ದೈತಾ ಟಾರ್ಚ್ ಹಾಕಿ ನೋಡ್ರಿ. ಬಿ ಆದ್ರೆ ರೇಟಿಂಗಿನ 3ರಿಂದ 5 ಪಟ್ಟಿಗೇ ತಕ್ಷಣ ಬೀಳುತ್ತೆ, ಸಿ ಆದ್ರೆ 5ರಿಂದ 10 ಪಟ್ಟಿನ ತನಕ ತಡ್ಕೊಳ್ಳುತ್ತೆ. ಇನ್ನು ಓಡಿ ಓಡಿ ಆಮೇಲೆ ಬೀಳೋದು ಓವರ್‌ಲೋಡ್: ಸಾ ವ್ಯಾಕ್ಯೂಮ್ ಎರಡೂ ಸೇರಿ 2200 ವ್ಯಾಟ್, ಹತ್ತತ್ರ 9.6 ಆಂಪ್, 6ರ ಲೈನಿನಾಗೆ ಎಂಸಿಬಿ ಒಳಗಿನ ಲೋಹದ ಪಟ್ಟಿ ನಿಧಾನಕ್ಕೆ ಬಿಸಿಯಾಗಿ ಅದನ್ನ ಬೀಳಿಸ್ತೈತೆ.

ಬಿದ್ದಾಗ ಬೋರ್ಡಿನ ಬಾಗಿಲು ತೆಗೆದು ಯಾವ ಗುಂಡಿ ಕೆಳಗೆ ಬಂದೈತೆ ಅಂತಾನೂ ನೋಡ್ರಿ. ಟೆಸ್ಟ್ ಬಟನ್ ಇರೋದು ಆರ್‌ಸಿಸಿಬಿ, ಅದು ಬಿದ್ರೆ ಲೋಡಿನ ವಿಷ್ಯ ಅಲ್ಲ, ಕರೆಂಟ್ ಎಲ್ಲೋ ಲೀಕ್ ಆಗ್ತೈತೆ ಅಂತ. ಹಂಗಾದ್ರೆ ಆ ಮಷೀನ್ ಮುಟ್ಟಬ್ಯಾಡ್ರಿ, ರಿಪೇರಿಯೋರ ಹತ್ರ ಮೆಗ್ಗರ್ (ಇನ್ಸುಲೇಶನ್ ಸರಿ ಐತಾ ಅಂತ ನೋಡೋ ಮೀಟರ್) ಹಾಕಿ ಚೆಕ್ ಮಾಡ್ಸ್ರಿ.

ಪ್ರಶ್ನೆ ಕೇಳಿದವರು

ನೋಡ್ದೆ ಸರ್. ಬಿ6 ಅಂತನೇ ಐತೆ, ಆರ್‌ಸಿಸಿಬಿ ಬಿದ್ದಿಲ್ಲ, ಅದೊಂದೇ ಬಿದ್ದಿರೋದು. ವ್ಯಾಕ್ಯೂಮ್ ಬೇರೆ ರೂಮಿನ ಪಾಯಿಂಟಿಗೆ ಕೊಟ್ರೂ ಸಾ ಒತ್ತಿದಾಗ ಬೀಳ್ತೈತೆ. ಬಾತ್‌ರೂಮಿನ ಗೀಸರ್‌ಗೆ ಬೇರೆ ಲೈನ್ ಐತೆ, ಅದ್ರಿಂದ ತಗೋಬಹುದಾ?

ಉತ್ತರ (ನಿಟ್ಟುವಳ್ಳಿ)

ಬಾತ್‌ರೂಮಿನೊಳಗಿಂದ ಎಳೀಬ್ಯಾಡ್ರಿ, ನೀರಿನ ಜಾಗ. ಅಡುಗೆಮನೆಯಾಗೆ ಮಿಕ್ಸಿ ಓವನ್‌ಗೆ ಅಂತ 16 ಆಂಪ್ ದಪ್ಪ ಪಿನ್ನಿನ ಪಾಯಿಂಟ್ ಇರುತ್ತಲ್ಲ, ಅದಕ್ಕೆ ಮೇನ್ ಬೋರ್ಡಿಂದ ಬೇರೆನೇ 2.5 ವೈರ್ ಬಂದೈತಾ, ಎಂಸಿಬಿ ಸಿ ಟೈಪ್ 16 ಐತಾ ಅಂತ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ರ ಬಿಚ್ಚಿಸಿ ನೋಡ್ಸ್ರಿ. ಇದ್ರೆ ಅಲ್ಲಿಂದ ತಗೊಳ್ರಿ, ಸಾ ಓಡೋವಾಗ ಅಡುಗೆಮನೆಯಾಗೆ ಬೇರೆ ದೊಡ್ಡ ಲೋಡ್ ಹಾಕಬಾರ್ದು ಅಷ್ಟೇ.

ಉತ್ತರ (ಹೊಳಲ್ಕೆರೆ ರೋಡ್, ಚಿತ್ರದುರ್ಗ)

ಕರೆಂಟಿನದು ಅವ್ರು ಸರಿಯಾಗೇ ಹೇಳಿದಾರೆ, ನಾನು ಸೌಂಡಿನ ಬಗ್ಗೆ ಹೇಳ್ತೀನಿ. ಒಂದು ಸಣ್ಣ ಟೆಸ್ಟ್ ಮಾಡಿ. ಸಾ ಕೈಯಲ್ಲೇ ಗಾಳಿಯಲ್ಲಿ ಹಿಡ್ಕೊಂಡು ಓಡಿಸಿ, ಕೆಳಗಿನವ್ರಿಗೆ ಫೋನ್ ಮಾಡಿ ಎಷ್ಟು ಕೇಳುತ್ತೆ ಅಂತ ಕೇಳಿ. ಆಮೇಲೆ ಅದೇ ಸಾ ಬೆಂಚ್ ಮೇಲಿಟ್ಟ ಹಲಗೆ ಕೊಯ್ಯೋವಾಗ ಕೇಳಿ, ಮನೇಲಿ ಯಾರಿಗಾದ್ರೂ ಗೋಡೆ ಮೇಲೆ ಅಂಗೈ ಇಟ್ಟು ನೋಡೋಕೆ ಹೇಳಿ. ಎರಡನೇದ್ರಲ್ಲಿ ಜಾಸ್ತಿ ಆಯ್ತು, ಗೋಡೆ ಜುಮ್ ಅಂತು ಅಂದ್ರೆ ಸೌಂಡ್ ಗಾಳಿಯಲ್ಲಿ ಹೋಗ್ತಿಲ್ಲ, ಬ್ರಾಕೆಟ್ ಮೂಲಕ ಗೋಡೆಗೆ, ಗೋಡೆಯಿಂದ ಸ್ಲ್ಯಾಬಿಗೆ ಇಳೀತಿದೆ. ಅಲ್ಲಾಡಬಾರ್ದು ಅಂತ ಗೋಡೆಗೆ ಬಿಗಿಯೋದು ಎಲ್ರೂ ಮಾಡೋದೇ, ಅಪಾರ್ಟ್‌ಮೆಂಟಲ್ಲಿ ಮಾತ್ರ ಅದು ತೊಂದ್ರೆ.

ಬ್ರಾಕೆಟ್ ತೆಗೆದು ಕಾಲಿರೋ ಬೆಂಚ್ ಮಾಡಿ, ಗೋಡೆಗೆ ಎರಡು ಬೆರಳು ಜಾಗ ಬಿಡಿ. ಅಲ್ಲಾಡದೇ ಇರೋಕೆ ತೂಕ ಕೊಡಿ, ಕೆಳಗಿನ ತಟ್ಟೆ ಮೇಲೆ ಒಂದು ಕಡಪ ಕಲ್ಲಿನ ತುಂಡು ಇಟ್ರೆ ಸಾಕು. ಕಾಲಿನ ಕೆಳಗೆ ಹಸುವಿನ ಕೊಟ್ಟಿಗೆಗೆ ಹಾಸೋ ರಬ್ಬರ್ ಮ್ಯಾಟ್ ಬರುತ್ತಲ್ಲ, ಅದನ್ನ ಸಣ್ಣ ಚೌಕ ಕತ್ತರಿಸಿ ಎರಡೆರಡು ಪದರ ಇಡಿ. ಇಡೀ ನೆಲಕ್ಕೆ ಹಾಸಬೇಡಿ, ಭಾರ ಸಣ್ಣ ತುಂಡಿನ ಮೇಲೆ ಬಿದ್ದಾಗಲೇ ರಬ್ಬರ್ ಸ್ವಲ್ಪ ಕುಸಿದು ಅದುರು ನುಂಗೋದು.

ಆದ್ರೂ ನನ್ನ ಗಟ್ಟಿ ಅಭಿಪ್ರಾಯ ಕೇಳಿದ್ರೆ, 8 ಬೈ 4 ಶೀಟನ್ನ ಬಾಲ್ಕನೀಲಿ ಕೊಯ್ಯಲೇಬೇಡಿ. ಲೋಡು, ಸೌಂಡು, ಧೂಳು ಮೂರೂ ಅದೊಂದೇ ಕೆಲಸದಿಂದ ಬರ್ತಿರೋದು. ಪ್ಯಾನೆಲ್ ಸಾ ಇರೋ ಪ್ಲೈವುಡ್ ಅಂಗಡಿ ವಿಚಾರಿಸಿ ಅಲ್ಲೇ ಕೊಯ್ಸಿ. ಅಳತೆ ಚೀಟಿ ಬರೆಯುವಾಗ ಬ್ಲೇಡ್ ತಿನ್ನೋ 3 ಎಂಎಂ ಲೆಕ್ಕಕ್ಕೆ ಇಟ್ಕೊಳ್ಳಿ, ಮುಂದಿನ ಹಿಂದಿನ ಪ್ಯಾನೆಲ್ ಒಂದೇ ಸೆಟ್ಟಿಂಗಲ್ಲಿ ಒಟ್ಟಿಗೆ ಕೊಯ್ಯೋಕೆ ಹೇಳಿ, ಬಾಕ್ಸ್ ಮೂಲೆ ತಾನಾಗೇ ಕೂರುತ್ತೆ. ಮನೇಲಿ ಉಳಿಯೋದು ಸ್ಪೀಕರ್ ತೂತು, ಅಂಟು, ಕ್ಲ್ಯಾಂಪು, ಸ್ಯಾಂಡಿಂಗು. ಸ್ಯಾಂಡಿಂಗಿಗೆ ಎನ್95 ಮಾಸ್ಕ್ ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನ 1995ರಲ್ಲೇ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿರೋ ಮೊದಲ ಗುಂಪಿಗೆ ಸೇರಿಸಿದೆ, ಮನೇಲಿ ಮಕ್ಕಳಿದ್ರೆ ಬಾಲ್ಕನಿ ಬಾಗಿಲು ಹಾಕ್ಕೊಂಡೇ ಉಜ್ಜಿ.

ಪ್ರಶ್ನೆ ಕೇಳಿದವರು

ಅಂಗೈ ಇಟ್ಟು ನೋಡಿದ್ವಿ, ನೀವು ಹೇಳಿದ್ದೇ ಖರೆ, ಗೋಡೆಯಾಗೆ ಪೂರ್ತಿ ಅದುರು. ಬ್ರಾಕೆಟ್ ಬಿಚ್ಚಿ ಮ್ಯಾಟ್ ಇಟ್ಟ ಮೇಲೆ ಕೆಳಗಿನ ಮನೆ ಅಜ್ಜಿ ಡ್ರಿಲ್ ಸೌಂಡ್ ಕೇಳುತ್ತೆ, ಮೊದ್ಲಿನಂಗೆ ತಲೆ ಮೇಲೆ ಇಲ್ಲ ಅಂದ್ರು, ಮಧ್ಯಾಹ್ನ 4ರ ಮೇಲೆ ಮಾಡ್ಕೋ ಅಂತ ಟೈಮೂ ಕೊಟ್ರು. ಶೀಟ್ ಅಂಗಡಿಯಾಗೇ ಕೊಯ್ಸ್ಕೊಂಡು ಬಂದೆ. ಅಡುಗೆಮನೆ ಪಾಯಿಂಟಿಗೆ ಬೇರೆ 2.5 ವೈರೇ ಐತಂತೆ, ಸಿ16 ಐತೆ. ಅಲ್ಲಿಂದ ಬಾಲ್ಕನಿಗೆ ಎಂಥ ಎಕ್ಸ್‌ಟೆನ್ಶನ್ ತಗೊಳ್ಲಿ?

ಉತ್ತರ (ನಿಟ್ಟುವಳ್ಳಿ)

3 ಕೋರ್ 2.5 ಸ್ಕ್ವೇರ್ ಎಂಎಂ ಫ್ಲೆಕ್ಸಿಬಲ್ ಕೇಬಲ್, 16 ಆಂಪ್ ಪ್ಲಗ್ಗು ಸಾಕೆಟ್ಟು, ಅರ್ಥ್ ವೈರ್ ಎರಡೂ ಕಡೆ ಕೂಡ್ಸಿರಬೇಕು. ಅಳತೆ ನೋಡಿ ಬೇಕಾದಷ್ಟೇ ಉದ್ದ ತಗೊಳ್ರಿ. ರೀಲ್ ಥರದ್ದು ತಗೊಂಡ್ರೆ ಪೂರ್ತಿ ಬಿಚ್ಚಿ ಓಡಿಸ್ರಿ, ಸುತ್ತಿದ್ದಂಗೇ ಲೋಡ್ ಕೊಟ್ರೆ ಒಳಗೆ ಬಿಸಿ ಹೊರಗೆ ಹೋಗಾಕೆ ಜಾಗ ಇರಲ್ಲ. ವ್ಯಾಕ್ಯೂಮ್ ಮೊದ್ಲು ಆನ್ ಮಾಡಿ, ಅದು ಸ್ಪೀಡ್ ಹಿಡಿದ ಮೇಲೆ ಇನ್ನೊಂದು ಮಷೀನ್ ಒತ್ತ್ರಿ.